ನಾಳೆಯ ಊರಿನಲ್ಲಿ ಯಾಕೆ ಯಾವಾಗಲೂ ರಾತ್ರಿ, ಮಳೆ, ಗುಲಾಬಿ ಲೈಟು?

ಜುಲೈ ತಿಂಗಳು. ಮಡಿಕೇರಿಯಲ್ಲಿ ಐದು ದಿನದಿಂದ ಬಿಡದೆ ಮಳೆ. ಬಟ್ಟೆ ಒಣಗುವ ಆಸೆ ಬಿಟ್ಟಾಗಿತ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಿಕ್ಕಪ್ಪನ ಮಗ, ಡಿಗ್ರಿ ಕೊನೆಯ ವರ್ಷದವನು, ಲ್ಯಾಪ್‌ಟಾಪ್ ಹೊತ್ತುಕೊಂಡು ಮನೆಗೆ ಬಂದ. ನನ್ನ ಮೇಲಿನ ಪ್ರೀತಿಯಿಂದ ಅಲ್ಲ, ನಮ್ಮಲ್ಲಿ ಯುಪಿಎಸ್ ಇದೆ ಅಂತ. ಇಬ್ಬರೂ ಕೂತು ‘ಬ್ಲೇಡ್ ರನ್ನರ್’ ಅನ್ನುವ ಹಳೇ ಹಾಲಿವುಡ್ ಸಿನಿಮಾ ನೋಡಿದೆವು. ನನಗೆ ಎಷ್ಟನೇ ಸಲವೋ, ಅವನಿಗೆ ಮೊದಲನೆಯದು. ಅರ್ಧ ಗಂಟೆ ಆದ ಮೇಲೆ ಕೇಳಿದ: “ಅಣ್ಣ, ಈ ಮುಂದಿನ ಕಾಲದ ಸಿನಿಮಾಗಳಲ್ಲಿ ಊರೆಲ್ಲ ಯಾಕೆ ಬಾರಿನ ಹಿಂದಿನ ಗಲ್ಲಿ ಥರ ಇರುತ್ತೆ? ಹಗಲು ಹೊತ್ತು ತರಕಾರಿ ತರಲಿಕ್ಕೆ ಯಾರೂ ಹೋಗಲ್ವಾ?”

ನಕ್ಕೆ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ನೂರು ವರ್ಷ ಮುಂದಿನ ಊರು ಅಂದ ತಕ್ಷಣ ತೆರೆಯ ಮೇಲೆ ಬರುವುದು ಒಂದೇ ನೋಟ: ಕತ್ತಲೆ, ಒದ್ದೆ ರಸ್ತೆ, ಹೊಗೆ, ಗುಲಾಬಿ-ನೀಲಿ ಬೋರ್ಡುಗಳು, ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕರೆಯುವ ಒಬ್ಬಳು, ಕಟ್ಟಡದಷ್ಟು ಎತ್ತರದ ಜಾಹೀರಾತಿನಲ್ಲಿ ಇನ್ನೊಬ್ಬಳು, ಇದೆಲ್ಲದರ ನಡುವೆ ಕೋಟಿನ ಕಾಲರ್ ಎತ್ತಿಕೊಂಡು ನಡೆಯುವ ಒಂಟಿ ಗಂಡಸು. ಶಾಲೆ ಇಲ್ಲ, ರೇಷನ್ ಅಂಗಡಿ ಇಲ್ಲ, ಅಜ್ಜಿಯಂದಿರಂತೂ ಇಲ್ಲವೇ ಇಲ್ಲ. ಇಡೀ ಊರೇ ಒಂದು ರೆಡ್ ಲೈಟ್ ಏರಿಯಾ. ಬೇರೆ ಗ್ರಹಕ್ಕೆ ಹೋಗಿ ಬರುವ ಜನಕ್ಕೆ ಬೀದಿಗೊಂದು ಬಿಳಿ ಬಲ್ಬು ಹಾಕಿಸಲಿಕ್ಕೆ ಆಗಲಿಲ್ವಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಸ್ವಲ್ಪ ಲೈಟಿನ ವಿಷಯ, ಸ್ವಲ್ಪ ದುಡ್ಡಿನ ವಿಷಯ, ಸ್ವಲ್ಪ ಭಯ, ಜಾಸ್ತಿ ಪಾಲು ಗಂಡಸರ ಕಣ್ಣು. ಲೈಟಿನಿಂದ ಶುರು ಮಾಡುತ್ತೇನೆ. ಅದನ್ನು ನಮ್ಮ ಊರಿನವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಮಡಿಕೇರಿ ದಸರಾದ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಬೊಂಬೆ-ಲೈಟಿನ ರಾತ್ರಿ ಮೆರವಣಿಗೆ, ನೋಡಿದ್ದೀರಲ್ಲ. ಒಂದು ವರ್ಷ ಒಂದು ಮಂಟಪದ ಲೈಟಿಂಗ್‌ನವರ ಜೊತೆ ವಯರು ಹೊರುವ ಕೆಲಸ ನನ್ನದಾಗಿತ್ತು. ಸಂಜೆ ನಾಲ್ಕು ಗಂಟೆಯ ಬೆಳಕಿನಲ್ಲಿ ರಾಕ್ಷಸ ಏನೂ ಅಲ್ಲ. ಟ್ರ್ಯಾಕ್ಟರ್ ಮೇಲೆ ನಿಂತ ಒಂದು ದೊಡ್ಡ ಬೊಂಬೆ. ಕೀಲಿನ ಹತ್ತಿರ ವೆಲ್ಡಿಂಗ್ ಗಂಟು. ಮೊಣಕೈಯಲ್ಲಿ ಬಣ್ಣ ಕಿತ್ತು ಹೋಗಿ ಕೆಳಗಿನ ರೆಡ್ ಆಕ್ಸೈಡ್ ಇಣುಕುತ್ತಿತ್ತು. “ಒಂದು ಕೋಟು ಹೊಡೆದುಬಿಡೋಣ್ವಾ?” ಅಂತ ಕೇಳಿದ್ದಕ್ಕೆ ಲೈಟಿನವರು ತಲೆಯನ್ನೂ ಎತ್ತದೆ “ಬಿಡಿ, ಕೆಂಪು ಲೈಟು ಹಾಕಿದ್ರೆ ಕಾಣಲ್ಲ” ಅಂದರು. ಮಧ್ಯರಾತ್ರಿ ಹೊಗೆ ಬಿಟ್ಟು ಕೆಂಪು ಹೊಡೆದಾಗ ಸತ್ಯವಾಗಿಯೂ ಕಾಣಲಿಲ್ಲ. ರಾಕ್ಷಸ ಉಸಿರಾಡುತ್ತಿದ್ದ. ಎದುರಿಗಿದ್ದ ಮಗು ಅಪ್ಪನ ಹೆಗಲ ಮೇಲೆ ಮುಖ ಮುಚ್ಚಿಕೊಂಡಿತು.

ವಿಷಯ ಇಷ್ಟೇ. ಬರೀ ಕೆಂಪು ಬೆಳಕು ಬಿದ್ದಾಗ ಕೆಂಪು ವಸ್ತುವೂ ತಿಳಿ ಬಣ್ಣದ ವಸ್ತುವೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಮುಖದ ಮೊಡವೆ, ಗಾಯದ ಗುರುತು, ನಿದ್ದೆಗೆಟ್ಟ ಕಣ್ಣಿನ ಕೆಂಪು, ಎಲ್ಲ ಚರ್ಮದೊಳಗೆ ಸೇರಿ ನುಣ್ಣಗಾಗುತ್ತವೆ. ಮೈ ಮಾರುವ ಕಡೆ ಕೆಂಪು ದೀಪ ಇರುವುದಕ್ಕೆ ಸಂಪ್ರದಾಯ ಏನೇ ಇರಲಿ, ಈ ಅನುಕೂಲ ಅಂತೂ ಇದೆ. ಆ ದೀಪ ಗಿರಾಕಿಯನ್ನು ಕರೆಯುತ್ತದೆ. ಒಳಗಿರುವವಳ ಸುಸ್ತನ್ನು ಅವನಿಂದ ಮುಚ್ಚಿಡುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಸಿನಿಮಾದವರು ಮಾಡುವುದೂ ಇದನ್ನೇ.

ಮಳೆಯದೂ ಇಂಥದ್ದೇ ಕಥೆ. ಒಣ ಟಾರು ರಸ್ತೆ ರಾತ್ರಿ ಬೆಳಕನ್ನು ನುಂಗಿಬಿಡುತ್ತದೆ. ಒದ್ದೆ ರಸ್ತೆ ಒಂದು ಬೋರ್ಡನ್ನು ಎರಡು ಮಾಡಿ ತೋರಿಸುತ್ತದೆ. ಅದಕ್ಕೇ ಹಾಲಿವುಡ್‌ನ ಹಳೇ ಕಪ್ಪು-ಬಿಳುಪು ಪತ್ತೇದಾರಿ ಚಿತ್ರಗಳ ಕಾಲದಿಂದಲೂ ರಾತ್ರಿ ಶೂಟಿಂಗಿಗೆ ಮುಂಚೆ ಪೈಪು ಹಿಡಿದು ರಸ್ತೆ ತೋಯಿಸುವುದು ರೂಢಿ. 1982ರ ‘ಬ್ಲೇಡ್ ರನ್ನರ್’ನ ಲಾಸ್ ಏಂಜಲೀಸ್ ಬೀದಿ ನಿಜವಾದ ಬೀದಿಯೇ ಅಲ್ಲ. ಅದು ವಾರ್ನರ್ ಸ್ಟುಡಿಯೋದ ಹಿಂದಿದ್ದ ಹಳೇ ಸೆಟ್ಟು. ಹಗಲಲ್ಲಿ ತೆಗೆದರೆ ಸೆಟ್ಟು ಅಂತ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ರಾತ್ರಿ, ಹಾಗಾಗಿ ಮಳೆ, ಹಾಗಾಗಿ ಹೊಗೆ. ಈ ಕಾರಣವನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ಮುಚ್ಚಿಟ್ಟವರೇನಲ್ಲ. ರೆಡ್ ಆಕ್ಸೈಡ್ ಮುಚ್ಚಿದ ನಮ್ಮ ಲೈಟಿನವರ ಬುದ್ಧಿಯೇ ಅದು, ಸ್ವಲ್ಪ ದೊಡ್ಡ ಬಜೆಟ್ಟಿನಲ್ಲಿ. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡಿದರು. ಸೆಟ್ಟಿನ ಬಡತನ ಮುಚ್ಚಲು ಹುಟ್ಟಿದ್ದು ಭವಿಷ್ಯದ ಹವಾಮಾನವೇ ಆಗಿಹೋಯಿತು.

ಬಣ್ಣದ ಬಗ್ಗೆ ಇನ್ನೊಂದು ಮಾತು. ನಿಯಾನ್ ಅನಿಲವನ್ನು ಕಂಡುಹಿಡಿದದ್ದು 1898ರಲ್ಲಿ. ಅದನ್ನು ಗಾಜಿನ ಕೊಳವೆಗೆ ತುಂಬಿ ಪ್ಯಾರಿಸ್ಸಿನಲ್ಲಿ ಜನರಿಗೆ ತೋರಿಸಿದ್ದು ಜಾರ್ಜ್ ಕ್ಲಾಡ್, 1910ರ ಡಿಸೆಂಬರಿನಲ್ಲಿ. ಶುದ್ಧ ನಿಯಾನ್ ಉರಿಯುವುದು ಕೆಂಪು-ಕಿತ್ತಳೆ ಬಣ್ಣದಲ್ಲಿ. ನೀಲಿಗೆಲ್ಲ ಬೇರೆ ಅನಿಲ ಬೇಕು. ಈಗಿನ ಸಿನಿಮಾಗಳಲ್ಲಿ ಎಲ್ಲೆಲ್ಲೂ ಕಾಣುವ ಆ ಕಡು ಗುಲಾಬಿ, ಅಂದರೆ ಮಜೆಂಟಾ, ಕಾಮನಬಿಲ್ಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆಂಪು ನೀಲಿ ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಮ್ಮ ತಲೆಯೊಳಗೆ ಹುಟ್ಟುವ ಬಣ್ಣ ಅದು. ಇಲ್ಲದ ಹೆಣ್ಣನ್ನು ಮಾರಲು ಇಲ್ಲದ ಬಣ್ಣ! ಇದು ನನ್ನ ತಮಾಷೆ, ಯಾವ ಛಾಯಾಗ್ರಾಹಕರೂ ಹೀಗೆ ಲೆಕ್ಕ ಹಾಕಿರಲಾರರು. ಅಂದಹಾಗೆ, ಈಗ ನಮ್ಮೂರಿನ ಕೆಫೆಗಳು ಹಾಕಿಕೊಂಡಿರುವ ಗುಲಾಬಿ ಬೋರ್ಡುಗಳು ನಿಯಾನ್ ಅಲ್ಲ, ಸಿಲಿಕೋನ್ ಕೊಳವೆಯೊಳಗಿನ ಎಲ್‌ಇಡಿ. ಮಳೆ ಬಿದ್ದ ರಸ್ತೆಯಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಬಿಡಿ.

ಲೈಟು ಆಯಿತು. ಆದರೆ ಆ ಬೀದಿಯಲ್ಲಿ ಹೆಣ್ಣು ಯಾಕೆ ನಿಂತಿದ್ದಾಳೆ?

ಇದಕ್ಕೆ 1927ಕ್ಕೆ ಹೋಗಬೇಕು. ಜರ್ಮನಿಯಲ್ಲಿ ಫ್ರಿಟ್ಜ್ ಲಾಂಗ್ ತೆಗೆದ ಮೂಕಿ ಚಿತ್ರ ‘ಮೆಟ್ರೊಪೊಲಿಸ್’. ಮೇಲೆ ಗಗನಚುಂಬಿ ಕಟ್ಟಡಗಳಲ್ಲಿ ಸಾಹುಕಾರರು, ನೆಲದಡಿ ಯಂತ್ರ ತಿರುಗಿಸುವ ಕೂಲಿಗಳು. ಆ ಊರಿನಲ್ಲಿ ಒಂದು ಮೋಜಿನ ಮನೆ ಇದೆ, ಹೆಸರು ಯೋಶಿವಾರ. ಹೆಸರನ್ನು ಸುಮ್ನೆ ಇಟ್ಟದ್ದಲ್ಲ. ಯೋಶಿವಾರ ಅಂದರೆ ಎಡೊ ಊರಿನ, ಅಂದರೆ ಇವತ್ತಿನ ಟೋಕಿಯೋದ, ಸರ್ಕಾರಿ ಪರವಾನಗಿಯ ವೇಶ್ಯಾಕೇರಿ. 1617ರಲ್ಲಿ ಪರವಾನಗಿ ಸಿಕ್ಕಿತು, 1657ರ ದೊಡ್ಡ ಬೆಂಕಿಯ ಮೇಲೆ ಊರ ಹೊರಗೆ ಸ್ಥಳಾಂತರವಾಯಿತು. ಸುತ್ತ ನೀರಿನ ಕಂದಕ, ಒಳಗೆ ಹೋಗಿ ಬರಲು ಒಂದು ಹೆಬ್ಬಾಗಿಲು. ಒಳಗಿನ ಹೆಂಗಸರು ಮನಸ್ಸು ಬಂದಂತೆ ಹೊರಗೆ ಬರುವ ಹಾಗಿರಲಿಲ್ಲ. ಜಪಾನಿನ ವೇಶ್ಯಾವೃತ್ತಿ ತಡೆ ಕಾಯ್ದೆ ಪೂರ್ತಿ ಜಾರಿಗೆ ಬಂದ 1958ರ ತನಕ ಅದು ನಡೆಯಿತು. ಯುರೋಪಿನವರು ಮರದಚ್ಚಿನ ಬಣ್ಣದ ಚಿತ್ರಗಳಲ್ಲಿ ಯೋಶಿವಾರವನ್ನು ನೋಡಿ ಮರುಳಾಗಿದ್ದರು. ಆ ಕೇರಿಯ ಹತ್ತಿರದಲ್ಲೇ ಜೋಕಾನ್‌ಜಿ ಎಂಬ ದೇವಾಲಯ ಇದೆ. ಅದಕ್ಕೆ ಜನ ಇಟ್ಟ ಅಡ್ಡಹೆಸರು ‘ಎಸೆದು ಹೋಗುವ ಗುಡಿ’. ದಿಕ್ಕಿಲ್ಲದೆ ಸತ್ತ ಹೆಂಗಸರ ಹೆಣಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಬಣ್ಣದ ಚಿತ್ರಗಳಲ್ಲಿ ಇದು ಬರಲಿಲ್ಲ. ಜರ್ಮನಿಗೆ ತಲುಪಿದ್ದು ಲಾಟೀನು ಮತ್ತು ಹೆಸರು ಮಾತ್ರ.

‘ಮೆಟ್ರೊಪೊಲಿಸ್’ನಲ್ಲಿ ಎರಡು ದೃಶ್ಯ ನೋಡಲೇಬೇಕು. ಒಂದರಲ್ಲಿ ಕೂಲಿಯೊಬ್ಬ ಸಾಹುಕಾರನ ಮಗನ ಬಟ್ಟೆ ಹಾಕಿಕೊಂಡು, ಜೇಬಿನಲ್ಲಿ ಅವನದೇ ದುಡ್ಡು ಇಟ್ಟುಕೊಂಡು ಕಾರಿನಲ್ಲಿ ಹೋಗುತ್ತಿರುತ್ತಾನೆ. ಅವನಿಗೆ ಹೆಸರಿಗಿಂತ ಮೊದಲು ನಂಬರು, 11811. ಎಲ್ಲಿಗೆ ಹೋಗಬೇಕು ಅಂತ ಹೇಳಿ ಕಳಿಸಿದ್ದಾರೆ. ಆದರೆ ಯೋಶಿವಾರದ ಕರಪತ್ರಗಳು ಹಾರಿ ಬಂದು ಕಾರಿನೊಳಗೆ ಬೀಳುತ್ತವೆ. ಪಾಪ, ದಾರಿ ತಪ್ಪುತ್ತಾನೆ. ಈ ಭಾಗ ಎಷ್ಟೋ ದಶಕ ಕಳೆದೇ ಹೋಗಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಮ್ಮಿನಲ್ಲಿ ಉದ್ದದ ಪ್ರತಿ ಸಿಕ್ಕಿ, 2010ರಲ್ಲಿ ಸರಿ ಮಾಡಿ ತೋರಿಸಿದರು.

ಇನ್ನೊಂದು ದೃಶ್ಯದಲ್ಲಿ ಯಂತ್ರದ ಹೆಣ್ಣು ಕುಣಿಯುತ್ತಾಳೆ. ನಟಿ ಬ್ರಿಗಿಟ್ಟೆ ಹೆಲ್ಮ್. ವಿಜ್ಞಾನಿಯೊಬ್ಬ ಲೋಹದಿಂದ ಒಂದು ಹೆಣ್ಣನ್ನು ಮಾಡಿ, ಅದಕ್ಕೆ ಒಬ್ಬ ಒಳ್ಳೆಯ ಹುಡುಗಿಯ ಮುಖ ಕೊಟ್ಟಿರುತ್ತಾನೆ. ಅದು ನಿಜವಾದ ಹೆಣ್ಣಿನ ಹಾಗೆ ಕಾಣುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಬೇಕು. ಹೇಗೆ ಮಾಡುತ್ತಾರೆ? ಲೆಕ್ಕ ಕೇಳುವುದಿಲ್ಲ, ಅಡುಗೆ ಮಾಡಿಸುವುದಿಲ್ಲ. ಅರೆಬೆತ್ತಲೆ ಕುಣಿಸುತ್ತಾರೆ. ಸೂಟು ಹಾಕಿದ ಗಂಡಸರು ಬಾಯಿ ಬಿಟ್ಟು ನೋಡುತ್ತಾರೆ. ಆಮೇಲೆ ತೆರೆಯ ತುಂಬ ಬರೀ ಕಣ್ಣುಗಳು, ಹತ್ತಾರು ಕಣ್ಣುಗಳು, ಮುಖವೇ ಇಲ್ಲ. ಪರೀಕ್ಷೆ ಪಾಸು. ಯಂತ್ರ ಹೆಣ್ಣಾಯಿತು ಅಂತ ತೀರ್ಮಾನ ಕೊಟ್ಟದ್ದು ಗಂಡಸರ ಕಣ್ಣು. ಸಿನಿಮಾದಲ್ಲಿ ಕ್ಯಾಮೆರಾ, ನಾಯಕ, ಪ್ರೇಕ್ಷಕ ಮೂವರೂ ಸೇರಿ ಹೆಣ್ಣನ್ನು ಗಂಡಸಿನ ಕಣ್ಣಿನಿಂದಲೇ ನೋಡುತ್ತಾರೆ ಅಂತ ಸಿನಿಮಾ ಚಿಂತಕಿ ಲಾರಾ ಮಲ್ವಿ ಒಂದು ಪ್ರಸಿದ್ಧ ಲೇಖನ ಬರೆದದ್ದು 1975ರಲ್ಲಿ. ಲಾಂಗ್ ಅದನ್ನು ಅರ್ಧ ಶತಮಾನ ಮೊದಲೇ ಚಿತ್ರ ಬಿಡಿಸಿದಂತೆ ತೋರಿಸಿಬಿಟ್ಟಿದ್ದರು. ಬೈಯ್ಯಲಿಕ್ಕೋ ಸವಿಯಲಿಕ್ಕೋ ಅಂತ ನನಗೆ ಇವತ್ತಿಗೂ ಖಚಿತ ಇಲ್ಲ. ಎರಡೂ ಇರಬೇಕು.

ರೋಬೋಟ್ ಅನ್ನುವ ಪದ ಎಲ್ಲಿಂದ ಬಂತು ಅಂತ ಗೊತ್ತಾದರೆ ಮುಂದಿನದು ಸಲೀಸು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದ ಪದ ಅದು. ಜೆಕ್ ಭಾಷೆಯಲ್ಲಿ ‘ರೊಬೋಟ’ ಅಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ಚಾಕರಿ. ಅಂದರೆ ಶುರುವಿನಿಂದಲೂ ರೋಬೋಟ್ ಅಂದರೆ ಜೀತದ ಆಳು. ಕೂಲಿ ಕೇಳದ, ಇಲ್ಲ ಅನ್ನದ, ದೂರು ಕೊಡದ ಆಳು. ಅಂಥ ಆಳನ್ನು ಗದ್ದೆಗೆ ಇಳಿಸಬಹುದು, ಯುದ್ಧಕ್ಕೆ ಕಳಿಸಬಹುದು, ಹಾಸಿಗೆಗೂ ಕರೆಯಬಹುದು. ವಿಜ್ಞಾನ ಕಥೆಯ ಕೆಂಪು ದೀಪದ ಬೀದಿ ಕಾಮದ ವಿಷಯ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಕೂಲಿಯ ವಿಷಯ. ಒಂದು ಮೈಯನ್ನು ದುಡ್ಡು ಕೊಟ್ಟು ತಂದ ಮೇಲೆ ಅದಕ್ಕೆ ‘ಒಲ್ಲೆ’ ಅನ್ನುವ ಹಕ್ಕು ಇದೆಯಾ ಇಲ್ವಾ? ಇದೊಂದೇ ಪ್ರಶ್ನೆಯನ್ನು ಈ ಸಿನಿಮಾಗಳು ನೂರು ವರ್ಷದಿಂದ ಬಣ್ಣ ಬದಲಿಸಿ ಕೇಳುತ್ತಿವೆ. ಇನ್ನೊಂದು ಒಳಗುಟ್ಟೂ ಇದೆ. 1934ರಿಂದ 1968ರವರೆಗೆ ಹಾಲಿವುಡ್‌ನಲ್ಲಿ ಹೇಸ್ ಕೋಡ್ ಎಂಬ ಮಡಿವಂತಿಕೆಯ ಕಟ್ಟುಪಾಡು ಇತ್ತು. ಅದು ಹೋದ ಮೇಲೂ ಮನುಷ್ಯರ ಹೆಣ್ಣನ್ನು ಹೀಗೆ ತೋರಿಸಿದರೆ ಯಾರಾದರೂ ಕೇಳುತ್ತಾರೆ, ಯಂತ್ರ ಅಂದರೆ ಯಾರು ಕೇಳುತ್ತಾರೆ?

ಈಗ ಮಳೆಯ ರಾತ್ರಿಯ ಲ್ಯಾಪ್‌ಟಾಪಿಗೆ ವಾಪಸ್ಸು ಬರೋಣ. ‘ಬ್ಲೇಡ್ ರನ್ನರ್’ ನಡೆಯುವುದು 2019ರ ನವೆಂಬರಿನಲ್ಲಿ. ಅದು ಬಂದೂ ಹೋಯಿತು. ಅಲ್ಲಿನ ಕೃತಕ ಮನುಷ್ಯರ ಆಯಸ್ಸು ನಾಲ್ಕು ವರ್ಷ. ಪ್ರಿಸ್ ಎಂಬವಳನ್ನು ಪೊಲೀಸ್ ಅಧಿಕಾರಿ ಪರಿಚಯಿಸುವುದೇ ಸೈನಿಕರ ಮೋಜಿಗೆ ಕೊಡುವ ಮಾಮೂಲಿ ಮಾಡೆಲ್ ಅಂತ, ಅಂಗಡಿಯವನು ಮಿಕ್ಸಿ ತೋರಿಸುವ ಧಾಟಿಯಲ್ಲಿ. ಆದರೆ ನಾನು ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದು ಜೋರಾಳ ಭಾಗವನ್ನು.

ಜೋರಾ ಕೂಡ ಕೃತಕ ಹೆಣ್ಣು, ತಪ್ಪಿಸಿಕೊಂಡು ಬಂದು ಒಂದು ಬಾರಿನಲ್ಲಿ ಹಾವು ಹಿಡಿದು ಕುಣಿಯುವ ಕೆಲಸಕ್ಕೆ ಸೇರಿದ್ದಾಳೆ. ಪೊಲೀಸರ ಪರವಾಗಿ ಅವಳನ್ನು ಕೊಲ್ಲಬೇಕಾದ ನಾಯಕ ಡೆಕಾರ್ಡ್‌ಗೆ, ಅವಳ ಜೊತೆ ತಪ್ಪಿಸಿಕೊಂಡ ಲಿಯಾನ್ ಎಂಬವನ ಕೋಣೆಯ ಸ್ನಾನದ ತೊಟ್ಟಿಯಲ್ಲಿ ಒಂದು ಚೂರು ಸಿಗುತ್ತದೆ. ಮೀನಿನ ಪೊರೆ ಅಂದುಕೊಳ್ಳುತ್ತಾನೆ. ರಸ್ತೆ ಬದಿಯ ಹೆಂಗಸೊಬ್ಬಳು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಹಾವಿನದು ಅನ್ನುತ್ತಾಳೆ, ಅದೂ ಮಾಡಿದ ಹಾವು, ಮೇಲೆ ನಂಬರು ಇದೆ. ನಂಬರು ಹಿಡಿದು ಹಾವು ಮಾಡಿದವನ ಹತ್ತಿರ, ಅಲ್ಲಿಂದ ಬಾರಿಗೆ. ಇವಳೂ ಮಾಡಿದವಳೇ, ಹಾವೂ ಮಾಡಿದ್ದೇ. ಡೆಕಾರ್ಡ್ ವೇಷ ಹಾಕುತ್ತಾನೆ, ಎಂಥ ವೇಷ ನೋಡಿ: ಕಲಾವಿದರ ಸಂಘದಿಂದ ಬಂದಿದ್ದೇನೆ, ಮಾಲೀಕರು ನಿಮ್ಮನ್ನು ಕೆಟ್ಟದಾಗಿ ನಡೆಸಿಕೊಳ್ಳುತ್ತಿದ್ದಾರಾ, ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಇಣುಕುವ ತೂತು ಇದೆಯಾ ಅಂತ ಮೂಗಿನಲ್ಲಿ ಮಾತಾಡುತ್ತಾ ಕೇಳುತ್ತಾನೆ. ಹಾಗೆ ಕೇಳುತ್ತಲೇ ಅವಳು ಸ್ನಾನ ಮಾಡಿ ಬರುವ ತನಕ ಅಲ್ಲೇ ಇರುತ್ತಾನೆ. ನಾವೂ ಇರುತ್ತೇವೆ. ಗೋಡೆಯ ತೂತು ಹುಡುಕುವ ನೆಪದಲ್ಲಿ ಸಿನಿಮಾವೇ ತೂತಾಗಿದೆ. ಹಾವು ನಿಜವಾದದ್ದಾ ಅಂತ ಕೇಳಿದಾಗ ಅವಳು ಕೊಡುವ ಉತ್ತರದ ಸಾರ, ನಿಜವಾದ ಹಾವು ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇಲ್ಲಿ ಕೆಲಸ ಮಾಡ್ತಿದ್ನಾ ಅಂತ. ಇಡೀ ಚಿತ್ರದಲ್ಲಿ ಸಂಬಳದ ಬಗ್ಗೆ ಒಬ್ಬ ದುಡಿಯುವ ಹೆಣ್ಣು ಆಡುವ ಮಾತು ಅದೊಂದೇ ಅನ್ನಿಸುತ್ತದೆ.

ಆಮೇಲೆ ಓಟ. ಮೈಮೇಲೆ ಪಾರದರ್ಶಕ ರೈನ್‌ಕೋಟು. ಜನಜಂಗುಳಿ, ನಿಯಾನು, ಅಂಗಡಿಯ ಗಾಜು. ಅವನು ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಅವಳು ಒಂದರ ಹಿಂದೆ ಒಂದು ಗಾಜು ಒಡೆದುಕೊಂಡು, ಬಟ್ಟೆ ಅಂಗಡಿಯ ಬೊಂಬೆಗಳ ನಡುವೆ ನಿಧಾನವಾಗಿ ಬೀಳುತ್ತಾಳೆ. ಶೋಕೇಸಿನಲ್ಲಿ ಇಟ್ಟದ್ದು ಶೋಕೇಸಿನಲ್ಲೇ ಸತ್ತಿತು. ಚಿತ್ರ ಇಲ್ಲಿ ನಾಯಕನನ್ನು ಮೆರೆಸುವುದಿಲ್ಲ, ಅವನ ಮುಖದಲ್ಲಿ ಹೇಸಿಗೆ ಇದೆ. ಇದು ಒಳ್ಳೆಯದು. ಆದರೆ ಸ್ವಲ್ಪ ಹೊತ್ತಿಗೇ ಅದೇ ಡೆಕಾರ್ಡ್ ತನ್ನ ಮನೆಯಿಂದ ಹೊರಟ ರೇಚಲ್ ಎಂಬ ಇನ್ನೊಬ್ಬ ಕೃತಕ ಹೆಣ್ಣಿಗೆ ಬಾಗಿಲು ಅಡ್ಡ ಹಾಕಿ, ಕಿಟಕಿಗೆ ತಳ್ಳಿ, ಬೇಕು ಅಂತ ಅವಳ ಬಾಯಿಂದ ಹೇಳಿಸುತ್ತಾನೆ. ಹಿನ್ನೆಲೆಯಲ್ಲಿ ಸ್ಯಾಕ್ಸೊಫೋನು, ಪ್ರೇಮ ಗೀತೆಯ ಥರ. ತಮ್ಮ ಮುಖ ಸಿಂಡರಿಸಿದ. “ಇದು ಲವ್ವಾ?” ಅಲ್ಲ ಅಂದೆ. ಆದರೆ ಸಂಗೀತ ಹೌದು ಅನ್ನುತ್ತಿದೆ, ಅದೇ ತೊಂದರೆ.

ಬೀದಿಯ ಬೋರ್ಡುಗಳೆಲ್ಲ ಯಾಕೆ ಜಪಾನಿ, ಚೀನಿ ಅಕ್ಷರದಲ್ಲಿ ಅಂತಲೂ ಕೇಳಿದ. ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಜಪಾನಿನ ಭಯ ಹಿಡಿದಿತ್ತು. ಕಾರು ಅವರದು, ಟಿವಿ ಅವರದು. 1989ರಲ್ಲಿ ಸೋನಿ ಕಂಪನಿ ಹಾಲಿವುಡ್‌ನ ಕೊಲಂಬಿಯಾ ಪಿಕ್ಚರ್ಸನ್ನೇ ಕೊಂಡಿತು. ಭವಿಷ್ಯ ಅಂದರೆ ಏಷ್ಯಾದವರ ಊರು, ಅಲ್ಲಿ ನಾವು ಪರದೇಶಿಗಳು ಅನ್ನುವ ಅಳುಕು. ಅದರ ಜೊತೆಗೆ ಯೋಶಿವಾರದ ಕಾಲದ ಹಳೇ ಚಪಲ. ಎರಡೂ ಕೂಡಿದಾಗ ಕಟ್ಟಡದ ಮೇಲೆ ಮಾತ್ರೆ ನುಂಗಿ ನಗುವ ಜಪಾನಿ ಹೆಣ್ಣಿನ ಜಾಹೀರಾತು ಹುಟ್ಟುತ್ತದೆ.

ಈ ಅಳುಕು-ಚಪಲ ನಮಗೇನು ಹೊಸದಲ್ಲ. ಮೊದಲ ಸಲ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಇಳಿದಾಗ, ಲಾಡ್ಜುಗಳ ಬೋರ್ಡು, ಸಿನಿಮಾ ಕಟೌಟು, ಗೋಡೆಗೆ ಒರಗಿ ನಿಂತವರನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಅಪ್ಪ ನನ್ನ ಕೈ ಗಟ್ಟಿ ಹಿಡಿದು “ಅತ್ತ ಏನು ನೋಡ್ತೀಯ, ಸೀದಾ ನಡಿ” ಅಂದರು. ನಡೆದೆ. ಆದರೆ ಅತ್ತಲೇ ನೋಡುತ್ತಾ ನಡೆದೆ. ನಮ್ಮ ಎಪ್ಪತ್ತರ ದಶಕದ ಚಿತ್ರಗಳಲ್ಲಿ ಖಳನ ಅಡ್ಡೆಗೆ ಹೋದರೆ ಮಿಣಮಿಣ ಬಲ್ಬು, ಒಂದು ಕ್ಯಾಬರೆ ಇದ್ದೇ ಇರುತ್ತಿತ್ತಲ್ಲ, ಅದೂ ಇದೇ. ಹಳ್ಳಿ ಅಂದರೆ ತಾಯಿ, ಪೇಟೆ ಅಂದರೆ ಕುಣಿಯುವವಳು. ವಿಜ್ಞಾನ ಚಿತ್ರಗಳು ಆ ಪೇಟೆಗೆ ಹಾರುವ ಕಾರು ಸೇರಿಸಿದವು, ಅಷ್ಟೇ.

ನಿಜವಾದ ಕೇರಿಗಳು ಹೀಗೆ ಮಿನುಗುವುದೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಿಟಕಿಗೆ ಕೆಂಪು ಟ್ಯೂಬ್‌ಲೈಟು ಹೌದು. ಮುಂಬೈಯ ಕಾಮಾಟಿಪುರ, ಕೋಲ್ಕತ್ತದ ಸೋನಾಗಾಚಿಗಳಲ್ಲಿ ಅಂಗಡಿ, ಮನೆ, ಶಾಲೆಗೆ ಹೋಗುವ ಮಕ್ಕಳು ಎಲ್ಲ ಅದೇ ಗಲ್ಲಿಯಲ್ಲಿ. ವಯಸ್ಕ ಹೆಣ್ಣು ತಾನಾಗಿ ಈ ಕೆಲಸ ಮಾಡಿದರೆ ಅದೇ ಅಪರಾಧ ಅಂತ ನಮ್ಮ 1956ರ ಕಾಯ್ದೆ ಹೇಳುವುದಿಲ್ಲ. ವೇಶ್ಯಾಗೃಹ ನಡೆಸುವುದು, ರಸ್ತೆಯಲ್ಲಿ ಗಿರಾಕಿ ಕರೆಯುವುದು ಅಪರಾಧ. ಇವರನ್ನು ಘನತೆಯಿಂದ ನಡೆಸಿಕೊಳ್ಳಿ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಪೊಲೀಸರಿಗೆ ಹೇಳಬೇಕಾಯಿತು. ಭವಿಷ್ಯದ ಸಿನಿಮಾದಲ್ಲಿ ಕಾಯ್ದೆಯೂ ಇಲ್ಲ, ಶಾಲೆಗೆ ಹೋಗುವ ಮಕ್ಕಳೂ ಇಲ್ಲ.

ಒಂದು ಚಿತ್ರದಲ್ಲಿ ಮಾತ್ರ ಕೇರಿಯ ಜನ ಮನುಷ್ಯರಾಗಿ ಇದ್ದಾರೆ ಅಂದರೆ ನೀವು ನಗುತ್ತೀರಿ. 1990ರ ‘ಟೋಟಲ್ ರಿಕಾಲ್’. ಪಾಲ್ ವರ್ಹೋವೆನ್ ನಿರ್ದೇಶನ, ಆರ್ನಾಲ್ಡ್ ಶ್ವಾರ್ಜ್‌ನೆಗರ್ ನಾಯಕ. ಒರಟು ಸಿನಿಮಾ, ರಕ್ತ ಜಾಸ್ತಿ, ಮೂರು ಮೊಲೆಯ ಹೆಂಗಸಿನ ಜೋಕಿಗೇ ಹೆಸರುವಾಸಿ. ಮಂಗಳ ಗ್ರಹದಲ್ಲಿ ವೀನಸ್‌ವಿಲ್ ಅಂತ ಕೆಂಪು ದೀಪದ ಕೇರಿ. ಅಲ್ಲಿನವರ ಮೈ ಯಾಕೆ ವಿಕಾರವಾಗಿದೆ? ಕಂಪನಿ ದುಡ್ಡು ಉಳಿಸಲು ಅಗ್ಗದ ಗುಮ್ಮಟ ಕಟ್ಟಿತು, ವಿಕಿರಣ ತಡೆಯಲಿಲ್ಲ, ಕೂಲಿಗಳ ಮಕ್ಕಳು ಹೀಗೆ ಹುಟ್ಟಿದರು. ಗಾಳಿಯನ್ನೂ ಕಂಪನಿಯೇ ಮಾರುತ್ತದೆ. ಬಂಡಾಯಗಾರರನ್ನು ಒಪ್ಪಿಸಲಿಲ್ಲ ಅಂತ ಒಡೆಯ ಆ ಕೇರಿಯ ಗಾಳಿಯ ಫ್ಯಾನು ನಿಲ್ಲಿಸಿಬಿಡುತ್ತಾನೆ. ಆ ಕ್ಷಣಕ್ಕೆ ಗುಲಾಬಿ ಲೈಟು, ಬಾರು, ಜೋಕು ಎಲ್ಲ ಹಿಂದಕ್ಕೆ ಸರಿದು ಅದೊಂದು ವಠಾರ ಆಗುತ್ತದೆ. ಮೂಲೆಯಲ್ಲಿ ಕೂತು ಏದುಸಿರು ಬಿಡುವ ಜನ, ಒಬ್ಬರನ್ನೊಬ್ಬರು ತಬ್ಬಿಕೊಂಡವರು. ಬಾರಿನ ಕುಳ್ಳಗಿನ ಹೆಂಗಸು ಕೌಂಟರ್ ಮೇಲೆ ಹತ್ತಿ ಮೆಷಿನ್ ಗನ್ ಹಿಡಿದದ್ದನ್ನು ನೀವು ಮರೆತಿರಲಾರಿರಿ. ಕಥೆಯ ಹಿನ್ನೆಲೆಯಲ್ಲಿ ನಿಲ್ಲಬೇಕಾದವಳು ಕಥೆಯೊಳಗೇ ನುಗ್ಗಿದಳು. ಸೊಗಸಾದ ಚಿತ್ರಗಳು ಮಾಡದ ಕೆಲಸವನ್ನು ಈ ಒರಟು ಚಿತ್ರ ಮಾಡಿತು.

ಸ್ಪೀಲ್‌ಬರ್ಗರ 2001ರ ‘ಎ.ಐ.’ನಲ್ಲಿ ರೂಜ್ ಸಿಟಿ ಇದೆ, ಅದರ ಸೇತುವೆಗಳು ಬಾಯ್ತೆರೆದ ಹೆಣ್ಣು ಮುಖಗಳ ಒಳಗೆ ಹೋಗುತ್ತವೆ. ಇನ್ನೂ ಬಿಡಿಸಿ ಹೇಳಬೇಕಾ? ಅಲ್ಲಿ ಮೈ ಮಾರುವ ರೋಬೋಟ್ ಗಂಡು, ಹೆಸರು ಜಿಗಲೊ ಜೋ. ಕತ್ತು ವಾಲಿಸಿದರೆ ಹಾಡು ಬರುತ್ತದೆ. ಗಂಡಾದ ಕೂಡಲೇ ಅವನಿಗೆ ಮಾತು, ಹಾಸ್ಯ, ತತ್ವ ಎಲ್ಲ ಸಿಕ್ಕಿತು ಅನ್ನುವುದನ್ನು ಗಮನಿಸಿ.

ಕೊನೆಗೆ 2017ರ ‘ಬ್ಲೇಡ್ ರನ್ನರ್ 2049’. ನಾಯಕ ಕೆ ಕೂಡ ಕೃತಕ ಮನುಷ್ಯ. ಮನೆಯಲ್ಲಿ ಜಾಯ್ ಅಂತ ಒಬ್ಬಳು, ಬೆಳಕಿನಿಂದ ಮಾಡಿದವಳು, ಕಂಪನಿಯಿಂದ ಕೊಂಡದ್ದು. ಅವಳು ಅವನಿಗೆ ಪ್ರೀತಿಯಿಂದ ಜೋ ಅಂತ ಹೆಸರಿಡುತ್ತಾಳೆ. ಅವನು ಕರಗುತ್ತಾನೆ, ನಾವೂ ಕರಗುತ್ತೇವೆ. ಅವಳು ಹೋದ ಮೇಲೆ ಒಂದು ರಾತ್ರಿ ಸೇತುವೆಯ ಮೇಲೆ, ಮಳೆಯಲ್ಲಿ, ಕಟ್ಟಡದಷ್ಟು ಎತ್ತರದ ಗುಲಾಬಿ ಬೆತ್ತಲೆ ಜಾಯ್ ಜಾಹೀರಾತಿನಿಂದ ಇಳಿದು ಬಂದು, ಬಗ್ಗಿ, ಬೆರಳು ತೋರಿಸಿ ಅವನನ್ನು ಜೋ ಅಂತಲೇ ಕರೆಯುತ್ತಾಳೆ. ಅವಳ ಕಣ್ಣು ಪೂರ್ತಿ ಕಪ್ಪು. ಅವನಿಗೆ ಮಾತ್ರ ಇಟ್ಟ ಹೆಸರು ಅಂದುಕೊಂಡದ್ದು ಎಲ್ಲ ಗಿರಾಕಿಗೂ ಹೇಳುವ ಮಾತಾಗಿತ್ತು. ಆ ಕ್ಷಣ ನಿಜಕ್ಕೂ ಹೊಟ್ಟೆ ಹಿಂಡುತ್ತದೆ. ಆದರೆ ಯಾರ ಸಂಕಟ ಅದು? ಗಿರಾಕಿಯದು. ಗಿರಾಕಿಯ ಒಂಟಿತನಕ್ಕೆ ಕಥೆ ಸಿಗುತ್ತದೆ, ಮಾರಾಟಕ್ಕಿದ್ದವಳಿಗೆ ಲೈಟು ಸಿಗುತ್ತದೆ. 1927ರಿಂದ ಇದೊಂದು ಲೆಕ್ಕ ಬದಲಾಗಿಲ್ಲ.

ಇದು ನನಗೆ ಯಾಕೆ ಇಷ್ಟು ತಟ್ಟುತ್ತದೆ ಅಂದರೆ, ನಮ್ಮ ಊರೂ ಈಗ ಒಂದು ಮೂಡ್ ಆಗಿದೆ. ಶನಿವಾರ ಬರುವವರಿಗೆ ಕೊಡಗು ಅಂದರೆ ಮಂಜು, ಕಾಫಿ ಹೂ, ಹನಿಮೂನ್, ರಾತ್ರಿ ಬೆಂಕಿ ಹಾಕಿಕೊಂಡು ಹಾಡು. ಹೋಂಸ್ಟೇ ಫೋಟೋಗಳಲ್ಲಿ ತೋಟ ಇರುತ್ತದೆ, ತೋಟದ ಕೂಲಿಗಳು ಇರುವ ಲೈನ್ ಮನೆ ಇರುವುದಿಲ್ಲ. ಆ ಕಾಫಿ ಕುಯ್ದವಳು ಒದ್ದೆ ಚೀಲ ಹೊದ್ದು ಫ್ರೇಮಿನ ಆಚೆ ನಿಂತಿರುತ್ತಾಳೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಾತ್ರ ಒಂದಷ್ಟು ದಿನ ಟಿವಿಯಲ್ಲಿ ಇಲ್ಲಿನ ಮನುಷ್ಯರ ಮುಖ ಬಂತು. ಫ್ಯಾನು ನಿಂತ ವೀನಸ್‌ವಿಲ್ ನೋಡುವಾಗೆಲ್ಲ ನನಗೆ ಆ ವಾರ ನೆನಪಾಗುತ್ತದೆ. ಮೈ ಮಾರುವುದಕ್ಕೂ ಕಾಫಿ ಕುಯ್ಯುವುದಕ್ಕೂ ಸಮ ಅಂತ ಹೇಳುತ್ತಿಲ್ಲ, ಹಾಗೆ ಓದಬೇಡಿ. ಇನ್ನೊಬ್ಬರ ಕಣ್ಣಿಗೆ ಬರೀ ಹಿನ್ನೆಲೆ ಆಗುವುದು ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತು, ಅಷ್ಟೇ.

ಸಿನಿಮಾ ಮುಗಿಯುವಾಗ ಕರೆಂಟು ಬಂತು. ಕೆಳಗಿನ ಕೆಫೆಯ ಗುಲಾಬಿ ಬೋರ್ಡು ಎರಡು ಸಲ ಮಿನುಗಿ ಹತ್ತಿಕೊಂಡು ರಸ್ತೆಯ ನೀರೆಲ್ಲ ಗುಲಾಬಿಯಾಯಿತು. ತಮ್ಮ ಕಿಟಕಿಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ. ಫೋಟೋ ತೆಗೆಯುತ್ತಾನೆ ಅಂದುಕೊಂಡೆ. ತೆಗೆಯಲಿಲ್ಲ.

“ಅಣ್ಣ, ಆ ಹಾವು ಏನಾಯ್ತು?”

ಯೋಚಿಸಿದೆ. ಸಿನಿಮಾದಲ್ಲಿ ಎಲ್ಲೂ ಹೇಳಿಲ್ಲ. ಅವಳು ಓಡಿದಳು, ಸತ್ತಳು, ಹಾವಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಇಷ್ಟು ಸಲ ನೋಡಿಯೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಗೊತ್ತಿದ್ದ ಒಂದು ಸಂಗತಿ ಹೇಳಿದೆ: ಕಥೆಯಲ್ಲಿ ಅದು ಮಾಡಿದ ಹಾವು, ಶೂಟಿಂಗಿನಲ್ಲಿ ನಿಜವಾದ ಹೆಬ್ಬಾವು. ಜೋರಾ ಪಾತ್ರ ಮಾಡಿದ ಜೊವಾನಾ ಕ್ಯಾಸಿಡಿ ತಾವೇ ಸಾಕಿಕೊಂಡಿದ್ದದ್ದು, ಹೆಸರು ಡಾರ್ಲಿಂಗ್.

“ಹಾಗಾದ್ರೆ ಶೂಟಿಂಗ್ ಮುಗಿಸಿ ಅವರ ಜೊತೆ ಮನೆಗೆ ಹೋಗಿರುತ್ತೆ” ಅಂದ, ಲ್ಯಾಪ್‌ಟಾಪ್ ಮಡಚುತ್ತಾ.